ಲ್ಯಾಮಿನೇಷನ್ ಮಾಡಿಟ್ಟ ಸರ್ಟಿಫಿಕೇಟು

ನಮ್ಮಪ್ಪ ಯೋಗಾನಂದ ಅವರಿಗೆ ಕಾಗದ ಕಂಡರೆ ಕೈ ಸುಮ್ಮನಿರುವುದಿಲ್ಲ. ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಯಾವ ಅರ್ಜಿಗೆ ಯಾವ ದಾಖಲೆ ಬೇಕೆಂದು ಬೀದಿಯವರೆಲ್ಲ ಕೇಳುವುದು ಅವರನ್ನೇ. ನಮ್ಮ ರೇಷನ್ ಕಾರ್ಡು, ನನ್ನ ಅಂಕಪಟ್ಟಿಗಳು, ಕೊನೆಗೆ ಅಜ್ಜಿಯ ಬಿಪಿ ಮಾತ್ರೆಯ ಚೀಟಿ ಸಹ ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿವೆ. ಇಂಥವರೇ ನನ್ನ ಸೀಟು ಕಳೆದರು ಎಂದರೆ ಯಾರೂ ನಂಬುವುದಿಲ್ಲ.

ಮನೆಯಿಂದ ನಡೆದೇ ಹೋಗಬಹುದಾದ ಕಾಲೇಜೊಂದರಲ್ಲಿ ಕನ್ನಡ ಮಾಧ್ಯಮದವರಿಗೆ ಮೀಸಲಿಟ್ಟ ಬಿ.ಎಸ್ಸಿ. ಸೀಟು ನನಗೆ ಸಿಕ್ಕಿತ್ತು. ಹತ್ತನೆಯವರೆಗೆ ಕನ್ನಡದಲ್ಲೇ ಓದಿದ್ದೇನೆಂದು ಶಾಲೆಯವರು ಕೊಟ್ಟ ಸರ್ಟಿಫಿಕೇಟಿಗೆ ಬಿಇಒ ಆಫೀಸಿನಲ್ಲಿ ಸಹಿ, ಸೀಲು ಹಾಕಿಸಿ ಒಪ್ಪಿಸುವುದಷ್ಟೇ ಬಾಕಿ. ಅದನ್ನು ಅಂಗಡಿಯ ಮೇಜಿನ ಮೇಲಿಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಅಪ್ಪ ಲ್ಯಾಮಿನೇಷನ್ ಮಾಡಿಟ್ಟಿದ್ದರು.

“ಶಾಲೆ ಸೀಲ್ ಇತ್ತಲ್ಲಾ, ಎಲ್ಲಾ ಆಗಿದೆ ಅನ್ಕೊಂಡೆ ಕಣಮ್ಮಾ,” ಎಂದರು.

ಬಿಇಒ ಆಫೀಸಿನ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಪ್ಲಾಸ್ಟಿಕ್ ಮೇಲೆ ಸೀಲ್ ಎಲ್ಲಿ ನಿಲ್ಲುತ್ತಮ್ಮಾ? ಹೊಸದು ತಗೊಂಡ್ ಬಾ.” ಶಾಲೆಗೆ ಓಡಿದರೆ ಮುಖ್ಯೋಪಾಧ್ಯಾಯಿನಿ ತರಬೇತಿಗೆ ಹೋಗಿದ್ದರು. ಅವರು ಬಂದು, ಹೊಸದು ಕೊಟ್ಟು, ಅದಕ್ಕೆ ಸೀಲು ಬೀಳುವ ಹೊತ್ತಿಗೆ ಕೊನೆಯ ದಿನಾಂಕ ಮುಗಿದು ಎರಡು ದಿನವಾಗಿತ್ತು. ಕಾಲೇಜಿನವರು ನನ್ನ ಪ್ರವೇಶ ತಿರಸ್ಕರಿಸಿದರು.

ಮೇಲ್ಮನವಿ ಕೊಡಬಹುದೆಂದು ಕಾಲೇಜಿನ ಕ್ಲರ್ಕ್ ಕುಸುಮಾ ಮೇಡಂ ಹೇಳಿದರು. ಪಾಪ, ಉಪಾಯವನ್ನೂ ಅವರೇ ಕೊಟ್ಟರು. “ಹಾಳು ಮಾಡಿದ್ದು ಅಂಗಡಿಯವ್ನು ತಾನೇ? ತಪ್ಪು ನಮ್ದೇ ಅಂತ ಅವ್ನ ಕೈಲೇ ಲೆಟರ್‌ಹೆಡ್ಡಲ್ಲಿ ಬರೆಸ್ಕೊಂಡ್ ಬಾ. ಕಮಿಟಿಯವ್ರು ಒಪ್ಪಿದ್ರೂ ಒಪ್ಬೋದು.” ಆ ಅಂಗಡಿಯವನು ಯಾರೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅಪ್ಪ ಬರೆದರು. ‘ನಮ್ಮ ಅಂಗಡಿಯ ಅಜಾಗರೂಕತೆಯಿಂದ ವಿದ್ಯಾರ್ಥಿನಿ ಸ್ಪಂದನಗೆ ತೊಂದರೆಯಾಗಿದೆ.’ ಮೂರು ಹಾಳೆ ಹರಿದು, ನಾಲ್ಕನೆಯದಕ್ಕೆ ಸೀಲು ಒತ್ತಿದರು. 

ವಾರ ಬಿಟ್ಟು ಉತ್ತರ ಬಂತು. ಅಂಗಡಿ ಮಾಲೀಕರ ಸಹಿಯೂ ಮನವಿಯ ಮೇಲಿನ ಪೋಷಕರ ಸಹಿಯೂ ಒಂದೇ ಆಗಿರುವುದರಿಂದ ಹೇಳಿಕೆ ನಂಬಲರ್ಹವಲ್ಲ, ಮನವಿ ತಿರಸ್ಕರಿಸಲಾಗಿದೆ. ನನ್ನ ಮೈಯೆಲ್ಲ ಉರಿದುಹೋಯಿತು. ಸುಳ್ಳು ಬರೆದು ಸಿಕ್ಕಿಬಿದ್ದಿದ್ದರೆ ಸುಮ್ಮನಾಗುತ್ತಿದ್ದೆ. ಅಪ್ಪ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

“ಕೆಂಗೇರಿ ಕಡೆ ಕಾಲೇಜಲ್ಲಿ ಇನ್ನೂ ಸೀಟಿದೆ, ಸೇರ್ಕೋ. ಇಲ್ಲಿ ಯಾರಾದ್ರೂ ಬಿಟ್ಟೋದ್ರೆ ಎರಡನೇ ವರ್ಷಕ್ಕೆ ಟ್ರಾನ್ಸ್‌ಫರ್ ಕೇಳ್ಬೋದು,” ಎಂದರು ಕುಸುಮಾ ಮೇಡಂ. ನನ್ನ ಸೀಟಿನಲ್ಲಿ ಕೂತವರು ಯಾವಾಗ ಎದ್ದು ಹೋಗುತ್ತಾರೆಂದು ನಾನು ವರ್ಷವಿಡೀ ಕಾಯಬೇಕು! ಆದರೂ ಸೇರಿದೆ. ಬೇರೆ ದಾರಿ ಎಲ್ಲಿತ್ತು?

ಕೆಂಗೇರಿಯಲ್ಲಿ ಕೊಟ್ಟ ಗುರುತಿನ ಚೀಟಿ ಬರೀ ತೆಳ್ಳನೆಯ ರಟ್ಟು. ಮೊದಲ ದಿನ ಮೆಟ್ರೋ ಇಳಿದು ಅಂಗಡಿಗೆ ಬರುವಷ್ಟರಲ್ಲೇ ಅದರ ಮೂಲೆ ಮಡಚಿಹೋಗಿತ್ತು. ಅಪ್ಪ ಅದನ್ನು ಬೆರಳಿನಿಂದ ಸವರಿ ನೇರ ಮಾಡಿದರು. ಮೂರು ವರ್ಷದ ಅವಧಿ ಎಂದು ಅದರ ಮೇಲೆ ಅಚ್ಚಾಗಿತ್ತು. ಮಿಷನ್ ಬಿಸಿಯಾಗಿಯೇ ಇತ್ತು. ನಾನು ಕಂಡಂತೆ ಮೊದಲ ಸಲ ಅಪ್ಪ ಕೇಳಿದರು.

“ಮಾಡ್ಲೇನಮ್ಮಾ?”

“ಬೇಡಪ್ಪಾ,” ಎಂದು ಸಿಡುಕಿದೆ. “ಒಂದೇ ವರ್ಷ ತಾನೇ?”

ಅಪ್ಪ ಮಿಷನ್ ಆರಿಸಿ, ಚೀಟಿಯನ್ನು ಹಾಗೆಯೇ ನನ್ನ ಕೈಗಿಟ್ಟರು.