ಇಳಿದು ಹೋಗು ಎಂದವಳು ನಾನು

ನನ್ನ ತಂಗಿ ಸೈಕಲ್ ಹತ್ತುವ ಮೊದಲು ಏನೇನು ಮಾಡುತ್ತಿದ್ದಳು ಎಂಬುದು ನನಗೆ ಈಗಲೂ ಬಾಯಿಪಾಠವಿದೆ. ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ನೂಕಿ ನೋಡುವಳು. ಗಾಲಿಗಳನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ಇದೆಯೋ ಇಲ್ಲವೋ ಪರೀಕ್ಷಿಸುವಳು. ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸುವಳು. ಸೀರೆ ಸಿಗಬಾರದೆಂದು ಹಿಂದಿನ ಗಾಲಿಗೆ ದಾರದ ಜಾಳಿಗೆ ಕಟ್ಟಿಸಿದ್ದಳು. ಅದರ ಗಂಟುಗಳನ್ನೂ ಒಮ್ಮೆ ಎಳೆದು ನೋಡುವಳು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಇದನ್ನೆಲ್ಲ ನೋಡುತ್ತಿದ್ದೆ. ಇಷ್ಟಾಗುವಷ್ಟರಲ್ಲಿ ನನ್ನ ಎರಡು ರೊಟ್ಟಿ ಬೆಂದಿರುತ್ತಿದ್ದವು.

ರಜಾಕಾರರ ಗದ್ದಲ ಅಡಗಿ, ನಮ್ಮ ಸೀಮೆ ನಿಜಾಮರ ಕೈಬಿಟ್ಟು ಕೆಲವು ವರ್ಷಗಳಾಗಿದ್ದವು. ಉರ್ದು ಬರೆಯುತ್ತಿದ್ದ ಗುಮಾಸ್ತರು ಕನ್ನಡ ಅಕ್ಷರ ತಿದ್ದತೊಡಗಿದ್ದ ಕಾಲ. ನಮ್ಮ ತವರು ಸುರಪುರ. ತಂಗಿ ಹೆರಿಗೆ ಮಾಡಿಸುವ ತರಬೇತಿ ಮುಗಿಸಿದ ಮೇಲೆ ಅವಳನ್ನು ಶಹಾಪುರದ ದವಾಖಾನೆಗೆ ಹಾಕಿದರು. ನನ್ನ ಗಂಡನ ಮನೆ ಅಲ್ಲೇ ಇದ್ದುದರಿಂದ ನಮ್ಮಲ್ಲೇ ಉಳಿದಳು. ದವಾಖಾನೆಗೆ ಹೆಂಗಸರ ಸೈಕಲ್ ಒಂದೇ ಒಂದು ಬಂದಿತ್ತು. ಅದನ್ನು ನಡೆಸಬಲ್ಲವಳಿಗೆ ಓಣಿ ಓಣಿ, ಹಳ್ಳಿ ಹಳ್ಳಿ ತಿರುಗಿ ಬಸುರಿಯರನ್ನು ನೋಡುವ ಕೆಲಸ. ನಡೆಸಲಾರದವಳಿಗೆ ಒಳಗೆ ಕುಳಿತು ಚೀಟಿ ಬರೆಯುವ ಕೆಲಸ. ತಂಗಿಗೆ ಕುಳಿತು ಬರೆಯುವುದೆಂದರೆ ಆಗದು. ಹದಿನೈದೇ ದಿನದಲ್ಲಿ ಸೈಕಲ್ ಕಲಿತಳು.

ಕಲಿತ ಮೇಲೂ ಧಿಮಾಕು ಮಾಡಲಿಲ್ಲ. ರಸ್ತೆಯ ಎಡಗಡೆಯೇ ಹೋಗುವಳು. ಬಂಡಿ ಗಾಲಿಯ ಜಾಡಿಗೆ ಸೈಕಲ್ ಇಳಿಸುತ್ತಿರಲಿಲ್ಲ. ಎತ್ತುಗಳ ಪಕ್ಕದಲ್ಲಿ ಹಾದು ಮುಂದೆ ಹೋಗುವ ಅವಸರ ಮಾಡುತ್ತಿರಲಿಲ್ಲ. ತಿರುಗಬೇಕಾದಲ್ಲಿ ಮೊದಲೇ ಕೈ ಚಾಚುವಳು. ಸಂತೆಯ ದಿನ ಬಜಾರಿನಲ್ಲಿ ಸೈಕಲ್ ತಳ್ಳಿಕೊಂಡೇ ನಡೆಯುವಳು. ಊರಿನ ಗಂಡಸರು ನಗುತ್ತಿದ್ದರು. ಅವಳಿಗೆ ಅದರ ಪರಿವೆ ಇರಲಿಲ್ಲ.

ಪರಿವೆ ಇದ್ದದ್ದು ನನಗೆ.

ನಮ್ಮ ಕಡೆ ಆಗ ಒಂದು ರೂಢಿ ಇತ್ತು. ಸೈಕಲ್ ಮೇಲೆ ಹೋಗುವಾಗ ಮನೆಯ ಹಿರಿಯರು ಕಂಡರೆ ಕೆಳಗಿಳಿದು, ಅವರನ್ನು ದಾಟುವವರೆಗೆ ನಡೆದು, ಆಮೇಲೆ ಹತ್ತಬೇಕು. ಗಂಡಸರೂ ಅದನ್ನು ಬಿಟ್ಟಿರಲಿಲ್ಲ. ನನ್ನ ಮಾವನವರು ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಜಾರಿನ ಇಳಿಜಾರಿನಲ್ಲಿದ್ದ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ತಂಗಿಯ ದಾರಿಯೂ ಅದೇ. ಒಂದು ದಿನ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಸಾಹುಕಾರ್ತಿ ಕೊಡ ತಿಕ್ಕುತ್ತ ಅಂದಳು:

"ನಿಮ್ಮ ತಂಗಿ ಭಾಳ ಶ್ಯಾಣ್ಯಾಕಿ ಬಿಡ್ರಿ. ಬೀಗರ ಮಾರಿ ಮುಂದ ಕಾಲು ಆಡಿಸಿಕೋಂತ ಹೊಂಟಿದ್ಲು. ನಾವಾದ್ರ ನೆಲ ನೋಡ್ಕೋಂತ ಹೋಗಾವ್ರು."

ಸುತ್ತಲಿನ ನಾಲ್ಕು ಹೆಂಗಸರು ಕಿಸಕ್ಕನೆ ನಕ್ಕರು. ನನ್ನ ಕೊಡ ಅರ್ಧ ತುಂಬಿತ್ತು. ಅಷ್ಟನ್ನೇ ಹೊತ್ತುಕೊಂಡು ಬಂದುಬಿಟ್ಟೆ. ಸಂಜೆ ತಂಗಿ ಬಂದು ಕೈಕಾಲು ತೊಳೆಯುವಾಗಲೇ ಶುರುಮಾಡಿದೆ.

"ನಮ್ಮ ಮಾವಾರು ಕುಂತಲ್ಲಿ ಸೈಕಲ್ ಇಳಿಯಂಗಿಲ್ಲಂತ ನೀನು?"

"ಅಕ್ಕಾ, ಅದು ಇಳಿಜಾರದ. ಹಿಂದ ಟಾಂಗಾ ಬರ್ತಿರ್ತಾವ. ಒಮ್ಮಿಗೇ ಇಳದ್ರ ಹಿಂದಿನವ್ರಿಗಿ ಹ್ಯಾಂಗ ಗೊತ್ತಾಗ್ಬೇಕು?"

"ಊರ ಮಂದಿ ಎಲ್ಲಾ ಇಳಿತಾರ. ಅವರಿಗೇನಾಗ್ಯದ?"

"ಅವ್ರು ಧೋತ್ರ ಎತ್ತಿ ಜಿಗಿತಾರ. ನಾನೂ ಸೀರಿ ಎತ್ತಿ ಜಿಗಿಲೇನು? ಆಗ ಮರ್ಯಾದಿ ಉಳಿತದೇನು?" ಎಂದು ನಕ್ಕಳು. ನಾನು ನಗಲಿಲ್ಲ. ಅವಳೇ ಸಮಾಧಾನದಿಂದ, "ಬೇಕಾದ್ರ ಇಳಿಜಾರ ಮುಗಿದ ಮ್ಯಾಲ, ಬಾಜೂಕ ಸರದು ನಿಂತು, ಅಲ್ಲಿಂದ ಶರಣು ಮಾಡ್ತೀನಿ" ಎಂದಳು.

"ದಾಟಿ ಹೋದ ಮ್ಯಾಲ ಎಂಥಾ ಶರಣು? ಕಂಡ ಕೂಡ್ಲೆ ಇಳಿಬೇಕು. ನೀ ಇರಾದು ನಮ್ಮ ಮನ್ಯಾಗ. ಮಂದಿ ಅನ್ನಾದು ನನಗ."

ಆ ಕೊನೆಯ ಮಾತು ಆಡಬಾರದಿತ್ತು. ಅವಳು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

"ಆತು ಬಿಡಕ್ಕಾ. ಇಳಿತೀನಿ."

ಗೆದ್ದೆ ಅನ್ನಿಸಿತು ನನಗೆ. ಆ ರಾತ್ರಿ ಅವಳ ರೊಟ್ಟಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದೆ.

ಮುಂದೆ ಹತ್ತು ಹನ್ನೆರಡು ದಿನ ಅವಳು ಬಜಾರಿನ ದಾರಿಯನ್ನೇ ಬಿಟ್ಟು, ಹಿಂದಿನ ಓಣಿಗಳಲ್ಲಿ ಸುತ್ತು ಹಾಕಿ ದವಾಖಾನೆಗೆ ಹೋದಳು. ನನ್ನ ಮಾತೂ ಮುರಿಯಬಾರದು, ನಡುರಸ್ತೆಯಲ್ಲಿ ಇಳಿಯಲೂಬಾರದು ಎಂದು ಅವಳೇ ಕಂಡುಕೊಂಡ ಉಪಾಯ ಅದು. ಇದು ನನಗೆ ಗೊತ್ತಾದದ್ದು ಆಮೇಲೆ.

ಒಂದು ದಿನ ಬೆಳಿಗ್ಗೆ ಹೊತ್ತೇರುವಾಗ ಬಜಾರಿನ ಆಚೆಯ ಓಣಿಯಿಂದ ಹೆರಿಗೆ ನೋವಿನ ಸುದ್ದಿ ಬಂತು. ಚೊಚ್ಚಲು, ನೋವು ಜೋರಾಗಿದೆ ಎಂದರು. ಸುತ್ತು ಹಾಕುವಷ್ಟು ಪುರುಸೊತ್ತಿರಲಿಲ್ಲ. ಅವಳು ಬಜಾರಿನ ಇಳಿಜಾರಿಗೇ ಬಂದಳು. ಎಡಗಡೆ ಕಟ್ಟೆಯ ಮೇಲೆ ಮಾವನವರು ಕುಳಿತಿದ್ದರು. ಕಂಡ ಕೂಡಲೇ ಇಳಿದಳು. ಅದೂ ಬಲಕ್ಕೆ, ರಸ್ತೆಯ ನಡುವಿಗೆ. ಇಳಿಯುವಾಗ ಸೀರೆ ಸರಿದರೆ ಹಿರಿಯರಿಗೆ ಕಾಣಬಾರದು, ನಡುವೆ ಸೈಕಲ್ ಮರೆಯಾಗಿರಲಿ ಎಂದು. ಹಿಂದಿನಿಂದ ಬರುತ್ತಿದ್ದ ಟಾಂಗಾ ಅವಳನ್ನು ಎಡಕ್ಕೆ ಬಿಟ್ಟು ದಾಟುವುದರಲ್ಲಿತ್ತು. ಟಾಂಗಾದ ಗಾಲಿ ಅವಳ ಬಲಗಾಲಿನ ಹರಡಿನ ಮೇಲೆ, ಪಾದದ ಗಂಟಿನ ಮೇಲೆಯೇ, ಹಾದುಹೋಯಿತು.

ಅವಳನ್ನು ಅದೇ ಟಾಂಗಾದಲ್ಲಿ ಮಲಗಿಸಿ ಮನೆಗೆ ತಂದರು. ಟಾಂಗಾ ಹೊಡೆಯುವ ಮುದುಕ ಲಗಾಮು ಕೈಯಲ್ಲೇ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ಅಳುತ್ತಿದ್ದ.

"ಖುದಾನ ಆಣಿರಿ ಅಮ್ಮಾ, ನಾ ಬಾಜೂಲೆ ಹೊಂಟಿದ್ದೆ. ನರ್ಸಬಾಯಿಯವ್ರು ಸೀದಾ ಹೊಂಟಿದ್ರು, ಒಮ್ಮಿಗೇ ಜಿಗದ್ರು. ಯಾಕ ಜಿಗದ್ರು, ನೀವರ ಹೇಳ್ರಿ?"

ಯಾಕೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ನೀರು ಕೊಟ್ಟೆ. ಆ ಓಣಿಯ ಚೊಚ್ಚಲು ಹೆರಿಗೆಯನ್ನು ಅಲ್ಲಿನ ಮುದುಕಿಯೊಬ್ಬಳು ಮಾಡಿಸಿದಳು. ತಾಯಿ ಮಗು ಉಳಿದವು. ಸುದ್ದಿ ಬರುವವರೆಗೆ ತಂಗಿ ತನ್ನ ಕಾಲಿನ ಮಾತೇ ಎತ್ತಲಿಲ್ಲ.

ಯಾದಗಿರಿಗೆ ಕರೆದೊಯ್ದು ಕಾಲಿಗೆ ಪಟ್ಟಿ ಹಾಕಿಸಿ ತಂದ ಮೇಲೆ ಒಂದು ಮಧ್ಯಾಹ್ನ ಮಾವನವರು ಗೋಡೆ ಹಿಡಿದುಕೊಂಡು ಅವಳ ಹಾಸಿಗೆಯ ಬಳಿ ಬಂದು ಕುಳಿತರು.

"ಯವ್ವಾ, ನನ್ನ ಸಲುವಾಗಿ ಇಳದೆಂತ, ಖರೇ ಏನು?"

ತಂಗಿ ಹೊದಿಕೆಯನ್ನು ಪಟ್ಟಿ ಹಾಕಿದ ಕಾಲಿನ ಮೇಲೆ ಎಳೆದುಕೊಂಡಳು.

"ನನಗ ಕಟ್ಟಿ ಕೆಳಗ ನಿಂತವರ ಮಾರೀನೇ ನೆಟ್ಟಗ ಕಾಣಂಗಿಲ್ಲ. ಸೈಕಲ್ ಮ್ಯಾಲ ಹೋಗೋರು ಆಳೋ ದೇವರೋ ಏನು ತಿಳಿತದ? ಗಂಟಿ ಸಪ್ಪಳ ಕೇಳಿದ್ರ, ಅದಾ, ನಮ್ಮ ಹುಡುಗಿ ಹೊಂಟಾಳ ನೋಡ್ರಿ ಅಂತ ಮಂದಿಗಿ ಹೇಳ್ತಿದ್ದೆ. ಹತ್ತು ದಿನ ಸಪ್ಪಳನೇ ಇರಲಿಲ್ಲ, ಎಲ್ಲಿ ಊರಿಗಿ ಹೋಗ್ಯಾಳೋ ಅಂದ್ಕೊಂಡಿದ್ದೆ. ಇಳಿ ಅಂತ ನಿನಗ ಹೇಳ್ದವ್ರು ಯಾರು?"

ನಾನು ಹೊಸ್ತಿಲಲ್ಲಿ ಅಂಬಲಿಯ ಬಟ್ಟಲು ಹಿಡಿದು ನಿಂತಿದ್ದೆ. ತಂಗಿ ನನ್ನತ್ತ ನೋಡಲಿಲ್ಲ.

"ಯಾರೂ ಹೇಳಿಲ್ರಿ ಮಾಮಾರ. ನನಗೇ ಹಂಗನ್ನಿಸ್ತು."

ನಾನೇ ಹೇಳಿದ್ದು ಅನ್ನಲು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಮಾವನವರು ಇನ್ನೂ ಹಲವು ವರ್ಷ ಬದುಕಿದರು. ಆ ವರ್ಷಗಳಲ್ಲಿಯೂ ಹೇಳಲಿಲ್ಲ.

ಹರಡು ಕೂಡಿತು, ಆದರೆ ಮೊದಲಿನಂತೆ ಬಾಗಲಿಲ್ಲ. ಪೆಡಲ್ ತುಳಿಯಲು ಎರಡು ಸಲ ನೋಡಿದಳು. ಮೂರನೆಯ ಸಲ ಸೈಕಲ್ಲನ್ನು ತಾನೇ ತಳ್ಳಿಕೊಂಡು ಹೋಗಿ ದವಾಖಾನೆಗೆ ಒಪ್ಪಿಸಿ ಬಂದಳು. ಅವಳಿಗೆ ಚೀಟಿ ಬರೆಯುವ ಮೇಜು ಕೊಟ್ಟರು. ಇಂದಿಗೂ ಅದೇ ಮೇಜು.

ಮುಂದಿನ ಬೇಸಿಗೆಗೆ ಸೈದಾಪುರದ ಕಡೆಯ ಹೊಸ ನರ್ಸ್ ಒಬ್ಬಳು ಬಂದಳು. ಸೈಕಲ್ ಅವಳ ಪಾಲಿಗೆ ಬಂತು. ಭಾನುವಾರ ನಮ್ಮ ಮನೆಗೆ ಬಂದು, ಊರಿನ ರಸ್ತೆಗಳನ್ನು ತಿಳಿಸಿಕೊಡಿ ಎಂದಳು. ತಂಗಿ ಅಂಗಳದಲ್ಲಿ ಕುಳಿತು ಕಲ್ಲು ಎದ್ದ ಜಾಗ, ಎತ್ತು ಬೆದರುವ ತಿರುವು, ನೀರು ನಿಲ್ಲುವ ಮೋರಿ ಎಲ್ಲವನ್ನೂ ಹೇಳಿದಳು. ಆ ಹುಡುಗಿ ಕೇಳಿದಳು:

"ಬಜಾರದಾಗ ಹಿರೇರು ಕುಂತಿರ್ತಾರಂತಲ್ರಿ. ಇಳಿಬೇಕೇನ್ರಿ?"

ತಂಗಿ ಬಾಯಿ ತೆರೆಯುವ ಮೊದಲೇ ನಾನು ಒಳಗಿನಿಂದ ಅಂದುಬಿಟ್ಟೆ. "ಇಳಿಬ್ಯಾಡವ್ವಾ. ಯಾರರ ಕುಂತಿರಲಿ, ಇಳಿಬ್ಯಾಡ."

ಅಂಗಳದಿಂದ ತಂಗಿಯ ನಗು ಕೇಳಿತು.

"ನಮ್ಮಕ್ಕ ಹೇಳ್ಯಾಳಂದ್ರ ಮುಗೀತು. ಆಕಿ ಮಾತು ನಾ ಎಂದೂ ತಗದುಹಾಕಿಲ್ಲ."

ಆ ಹುಡುಗಿಯೂ ನಕ್ಕಳು. ನಾನು ಹೊರಗೆ ಬರಲಿಲ್ಲ.