ಇಳಿಜಾರಿನ ಮರಕ್ಕೆ ಸಿಗದ ಒಪ್ಪಿಗೆ

ಎಕ್ಸ್‌ರೇ ಅಕ್ಕ ಎಂದರೆ ಆ ಬಡಾವಣೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಎಲುಬುಗಳ ಚಿತ್ರ ತೆಗೆಯುತ್ತಲೇ ತಲೆ ನರೆತವಳು. ನಿವೃತ್ತಿಯಾದ ಮೇಲೆ ನಿವಾಸಿಗಳ ಸಂಘದಲ್ಲಿ ಮರಗಳ ಉಸ್ತುವಾರಿ ಹೊತ್ತುಕೊಂಡಳು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಟ್ಟಿದ ಮನೆಗಳು ಅವು. ತೋಳಿಗಿಂತ ದಪ್ಪನೆಯ ಯಾವ ಮರವನ್ನೂ ಸಂಘದ ಒಪ್ಪಿಗೆಯಿಲ್ಲದೆ ಮನೆಯವರು ಕಡಿಯುವಂತಿಲ್ಲ ಎಂಬ ನಿಯಮ ಬರೆದವಳೂ ಅವಳೇ. ಕಾರಿನ ಮೇಲೆ ಎಲೆ ಬೀಳುತ್ತದೆ ಎಂದು ದೂರು ತಂದವನಿಗೆ, "ಮರ ಎಲೆ ಉದುರಿಸದೆ ಹಲ್ಲು ಉದುರಿಸುತ್ತಾ?" ಎಂದು ಕೇಳಿ ವಾಪಸು ಕಳಿಸಿದ್ದಳು.

ಪಕ್ಕದ ಮನೆಯ ಬೇಕರಿಯವನು ಬಂದದ್ದು ಬೇಸಿಗೆಯ ಕೊನೆಗೆ. ಅವನ ಹಿತ್ತಲಲ್ಲಿ, ಗುಡ್ಡಕ್ಕೆ ಅಂಟಿಕೊಂಡಂತೆ ಒಂದು ದೊಡ್ಡ ಮರವಿತ್ತು.

"ಅಕ್ಕ, ಮನೆ ಕಡೆ ವಾಲ್ತಾ ಇದೆ. ಹೋದ ವರ್ಷ ನೆಟ್ಟಗಿತ್ತು. ಕಡಿಸೋಕೆ ಒಪ್ಪಿಗೆ ಕೊಡಿ."

ಅವಳು ಹೋಗಿ ನೋಡಿದಳು. ಕಾಂಡ ತಟ್ಟಿದಳು, ಟೊಳ್ಳು ಸದ್ದಿಲ್ಲ. ತುದಿಯವರೆಗೂ ಹಸಿರು.

"ಮರ ನಿನಗಿಂತ ಗಟ್ಟಿಯಾಗಿದೆ. ಆಗಲ್ಲ," ಎಂದಳು.

ಮರುದಿನ ಅವನು ಮರದ ಕಡೆಯ ಕೋಣೆಯ ಮಂಚಗಳನ್ನೆಲ್ಲ ಮುಂದಿನ ಕೋಣೆಗೆ ಎಳೆದುಕೊಂಡ. ಆ ಸದ್ದು ಗೋಡೆಯಾಚೆ ಅವಳಿಗೆ ಕೇಳಿಸಿತು.

ಮಳೆ ಹಿಡಿಯಿತು. ಕೊಂಚ ಬಿಡುವು ಕೊಟ್ಟ ಬೆಳಿಗ್ಗೆ ಬೇಕರಿಯವನ ತಾಯಿ ಹಿತ್ತಲಲ್ಲಿ ಬಟ್ಟೆ ಹಗ್ಗ ಬಿಗಿಯುತ್ತಿದ್ದಳು. ಅದರ ಒಂದು ತುದಿ ಮರಕ್ಕೆ, ಇನ್ನೊಂದು ಮನೆಗೋಡೆಯ ಮೊಳೆಗೆ.

"ಎಷ್ಟು ಸಲ ಬಿಗಿದ್ರೂ ಜೋತು ಬೀಳುತ್ತೆ ನೋಡಮ್ಮ," ಎಂದಳು, ಬೇಲಿಯಾಚೆ ನಿಂತಿದ್ದ ಎಕ್ಸ್‌ರೇ ಅಕ್ಕನಿಗೆ.

"ಮೊಳೆ ಸಡಿಲ ಆಗಿರ್ಬೇಕು."

"ಮೊಳೆ ಅಲ್ಲಾಡಿಲ್ಲ. ನೋಡಿದೀನಿ."

ಹಾಗಾದರೆ ಮರವೇ ಮನೆಯ ಹತ್ತಿರಕ್ಕೆ ಬಂದಿರಬೇಕು ಎಂದು ಎಕ್ಸ್‌ರೇ ಅಕ್ಕನಿಗೆ ಹೊಳೆಯಿತು. ಮರದ ಹಿಂದಕ್ಕೆ ಹತ್ತಿ ಹೋದಳು. ಒದ್ದೆ ಕಸ ಸರಿಸಿದರೆ ಕೆಳಗೆ ನೆಲ ಬಾಯಿ ಬಿಟ್ಟಿತ್ತು. ಮೊಣಕೈವರೆಗೆ ಕೈ ಇಳಿಸಿದರೂ ತಳ ಸಿಗಲಿಲ್ಲ. ಬಿರುಕಿನ ಜಾಡು ಹಿಡಿದು ನಡೆದಳು. ಅದು ಬೇಲಿ ದಾಟಿ, ಅವಳದೇ ಹಿತ್ತಲ ಮೇಲ್ಗಡೆ ಹಾದು, ಸಾಲಿನ ಕೊನೆಯ ಮನೆಯವರೆಗೂ ಹೋಗಿತ್ತು. ಇಡೀ ಗುಡ್ಡವೇ ಮರವನ್ನು ಹೊತ್ತುಕೊಂಡು ಕೆಳಕ್ಕೆ ಜರುಗುತ್ತಿತ್ತು.

ಸಂಘದ ಅಧ್ಯಕ್ಷನಿಗೆ ಫೋನ್ ಮಾಡಿದಳು.

"ಮನೆ ಖಾಲಿ ಮಾಡ್ಸೋದಾ? ಸಭೆ ಕರೀದೆ ಹೇಗಕ್ಕ? ಎಲ್ಲದಕ್ಕೂ ಒಪ್ಪಿಗೆ ಬೇಕು ಅಂತ ನೀವೇ ಅಲ್ವಾ ಕಲಿಸಿದ್ದು?"

"ಸಭೆ ನೀವು ಮಾಡ್ಕೊಳ್ಳಿ. ನಾನು ಬಾಗಿಲು ತಟ್ತೀನಿ."

ಒಂದೊಂದೇ ಬಾಗಿಲು ತಟ್ಟಿದಳು. ಕೆಲವರು ನಕ್ಕರು. "ಮರ ಉಳಿಸಿದ್ದಾಯ್ತು, ಈಗ ಮನೆ ಬಿಡಿಸ್ತೀರಾ?" ಎಂದವರೂ ಇದ್ದರು. ಬೇಕರಿಯವನು ಮಾತ್ರ ಮರುಮಾತಿಲ್ಲದೆ ತಾಯಿಯನ್ನು ಕೈಹಿಡಿದು ಹೊರಗೆ ಕರೆತಂದ. ಅವನನ್ನು ಕಂಡು ಉಳಿದವರೂ ಗೊಣಗುತ್ತ ಹೊರಟರು. ಕೊನೆಯ ಮನೆಯ ಗಡಿಯಾರ ರಿಪೇರಿಯವನು ಬರಲಿಲ್ಲ. "ಮಳೆ ನಿಂತ ಮೇಲೆ ನೋಡೋಣ," ಎಂದು ಬಾಗಿಲು ಹಾಕಿಕೊಂಡ.

ಮಧ್ಯಾಹ್ನ ಮತ್ತೆ ಸುರಿಯಿತು. ರಸ್ತೆಯಾಚೆಯ ಶಾಲೆಯ ವರಾಂಡದಲ್ಲಿ ಎಲ್ಲರೂ ನಿಂತಿದ್ದರು. ಮನೆಗಳ ಮಾಡಿನ ಮೇಲೆ ಕಾಣುತ್ತಿದ್ದ ಮರದ ತಲೆ ಅವರ ಕಣ್ಣೆದುರೇ ಮುಂದಕ್ಕೆ ಬರತೊಡಗಿತು. ಅದು ಬೀಳಲಿಲ್ಲ. ಯಾರೋ ನಡೆದು ಬಂದಂತೆ ಬಂದು, ಬೇಕರಿಯವನ ಅಡುಗೆಮನೆಯನ್ನು ಸೀಳಿಕೊಂಡು ನಿಂತಿತು. ಅದರ ಬೆನ್ನಿಗೇ ಮಣ್ಣು ಇಳಿದು ಸಾಲಿಗೆ ಸಾಲನ್ನೇ ಮುಚ್ಚಿತು.

ಗಡಿಯಾರ ರಿಪೇರಿಯವನ ಹೆಣ ಮರುದಿನ ಸಿಕ್ಕಿತು.

ಜನ ಅವಳನ್ನು ಹೊಗಳಿದರು. ಆ ಮರದ ಬೇರುಗಳೇ ಅಷ್ಟು ದಿನ ಮಣ್ಣು ಹಿಡಿದಿದ್ದವು, ಕಡಿಯಲು ಬಿಡದೆ ಪುಣ್ಯ ಕಟ್ಟಿಕೊಂಡಳು ಎಂದರು. ಬೇಕರಿಯವನ ತಾಯಿಯೂ ಅದನ್ನೇ ಹೇಳಿದಳು.

"ನನಗೇನೂ ಗೊತ್ತಿರ್ಲಿಲ್ಲಮ್ಮ. ಎಲೆ ನೋಡಿ ಬೇಡ ಅಂದೆ. ನಿಮ್ಮ ಮಗ ಕೇಳಿದಾಗಲೇ ಮೇಲೆ ಹತ್ತಿ ನೋಡಿದ್ರೆ ಆ ಗಡಿಯಾರದವನಿಗೂ ಹೇಳಿ ಹೇಳಿ ಒಪ್ಪಿಸಬಹುದಿತ್ತು."



ಮೇಲಿನ ಸಾಲಿನವರಿಗೆ ಭಯ ಹೊಕ್ಕಿತು. ತಮ್ಮ ಹಿತ್ತಲ ಮರಗಳೂ ಹಾಗೇ ನಡೆದು ಬಂದಾವೆಂದು ಕಡಿಸಲು ಮುಂದಾದರು. ಸಂಘ ಕೇಳಿದವರಿಗೆಲ್ಲ ಕೂಡಲೇ ಒಪ್ಪಿಗೆ ಕೊಟ್ಟಿತು. ಎಕ್ಸ್‌ರೇ ಅಕ್ಕ ಏದುಸಿರು ಬಿಡುತ್ತ ಮೇಲೆ ಹತ್ತಿ ಕೈ ಮುಗಿದು ಬೇಡಿಕೊಂಡಳು. ಇಬ್ಬರು ಕೆಲಸ ನಿಲ್ಲಿಸಿದರು. ಉಳಿದವರು ಬುಡದವರೆಗೂ ಕೊಯ್ಯಿಸಿದರು.

ಅವಳೀಗ ಸಮತಟ್ಟು ಜಾಗದಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಮೋಡ ಕವಿದ ದಿನ ಮಾತ್ರ ಕೊಡೆ ಹಿಡಿದು ಆ ಮೇಲಿನ ಸಾಲಿನ ಹಿಂದೆ ಬಗ್ಗಿ ಬಗ್ಗಿ ನೆಲ ನೋಡುತ್ತ ನಡೆಯುತ್ತಾಳೆ.