ಅಗುಳಿ ಹಾಕದ ಹಿಂಬಾಗಿಲು

ಮೆಂಫಿಸ್ ನಗರದ ಶಾಲಾ ಸಂಗೀತ ಪರಂಪರೆಯಲ್ಲಿ ಶ್ರೀಮತಿ ಆರ್ಡೆಲಾ ಮಕ್‌ಕ್ರೇರಿಯವರದು ಬಹು ಎತ್ತರದ ಸ್ಥಾನ. ಆದರೆ ಆ ಸ್ಥಾನದಲ್ಲಿ ಅವರು ನೆಮ್ಮದಿಯಾಗಿ ಕುಳಿತದ್ದನ್ನು, ಅವರ ಶಿಷ್ಯನಾಗಿದ್ದು ಈಗ ಅದೇ ಶಾಲೆಯಲ್ಲಿ ಅಧ್ಯಾಪಕನಾಗಿರುವ ನಾನು ಎಂದೂ ಕಂಡಿಲ್ಲ. ಅದಕ್ಕೆ ಕಾರಣ ಅವರೇ ಕಟ್ಟಿದ ಒಂದು ಹಾಡು.

ಅವರಿನ್ನೂ ತರುಣಿಯಾಗಿದ್ದಾಗ, ಪಾದ್ರಿಗಳಾಗಿದ್ದ ತಂದೆಯವರೊಡನೆ ಜಗಳವಾಡಿ ಅಣ್ಣ ಕ್ಲಿಯೋಫಸ್ ಶಿಕಾಗೋ ರೈಲು ಹತ್ತಿದರು. ಇನ್ನು ಈ ಹೊಸ್ತಿಲು ತುಳಿಯಬೇಡ ಎಂದುಬಿಟ್ಟಿದ್ದರು ತಂದೆ. ತಂಗಿ ಅಣ್ಣನಿಗಾಗಿ ಹಾಡು ಬರೆದರು: ಅಪ್ಪ ಮಲಗಿದ್ದಾರೆ, ಹಿಂಬಾಗಿಲಿಗೆ ಅಗುಳಿ ಹಾಕಿಲ್ಲ, ಬಾ. ಪ್ರಾರ್ಥನೆಯಷ್ಟು ನಿಧಾನದ ಹಾಡು. ರೆಕಾರ್ಡು ಕಂಪನಿಯವರು ಅದನ್ನು ಮೆಚ್ಚಿದರು. ಆದರೆ ವೇಗವನ್ನು ದುಪ್ಪಟ್ಟು ಮಾಡಿ, ಡ್ರಮ್ಮು ತುತ್ತೂರಿಗಳನ್ನು ಸೇರಿಸಿ, ಬೇರೊಬ್ಬ ಗಾಯಕಿಯಿಂದ ಹಾಡಿಸಿದರು. ಆ ಬೇಸಿಗೆ ದೇಶಕ್ಕೆ ದೇಶವೇ ಅದಕ್ಕೆ ಕುಣಿಯಿತು. ಅಣ್ಣನನ್ನು ಕರೆದ ಮಾತು ಎಲ್ಲರ ಕಿವಿಗೂ ಪ್ರಿಯಕರನನ್ನು ಕರೆದಂತೆ ಕೇಳಿಸಿತು. ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರು, "ಏನಮ್ಮಾ ಆರ್ಡೆಲಾ, ಹಿಂಬಾಗಿಲಿಂದ ಯಾರು ಬಂದ್ರು?" ಎಂದು ಕಿಚಾಯಿಸಿದರು.

ಶಾಲೆಗೆ ಸಂಗೀತ ಕಲಿಸಲು ಸೇರಿದ ಮೇಲೆ ಪ್ರತಿ ವರ್ಷದ ಗಾಯನ ತಂಡಕ್ಕೂ ಅವರು ಆ ಹಾಡನ್ನು ನಿಧಾನಗತಿಯಲ್ಲೇ ಕಲಿಸಿದರು. ಕಲಿಸಿ, ಅತೃಪ್ತರಾಗಿ, ಮತ್ತೆ ಬದಲಿಸಿದರು. ನನ್ನ ತಾಯಿ ಆಸ್ಪತ್ರೆಯ ಪಾಳಿಯಲ್ಲಿರುತ್ತಿದ್ದುದರಿಂದ ಅಭ್ಯಾಸ ಮುಗಿದ ಮೇಲೆ ನನಗೆ ಹುರಿದ ಮೀನೂ ಜೋಳದ ರೊಟ್ಟಿಯೂ ತಿನ್ನಿಸಿ, ತಮ್ಮ ಕಾರಿನಲ್ಲೇ ಮನೆಗೆ ಬಿಡುತ್ತಿದ್ದರು. ಆಗಲೂ ಅವರ ಬೆರಳು ಸ್ಟೀರಿಂಗಿನ ಮೇಲೆ ತಾಳ ಹುಡುಕುತ್ತಲೇ ಇರುತ್ತಿತ್ತು.

ತಂದೆಯವರು ತೀರಿಕೊಂಡ ಮೇಲೆ ಕ್ಲಿಯೋಫಸ್ ಹಿಂತಿರುಗಿದರು. ಮುಂಬಾಗಿಲಿನಿಂದಲೇ ಬಂದರು. ಊಟಕ್ಕೆ ಕುಳಿತಾಗ ತಂಗಿ ಹಾಡಿನ ವಿಷಯ ತೆಗೆದರೆ ಅವರು ಬೆಚ್ಚಿದರಂತೆ: "ಅದು ನನಗಾ? ಅಯ್ಯೋ, ಶಿಕಾಗೋದಲ್ಲಿ ಶನಿವಾರ ಶನಿವಾರ ಅದಕ್ಕೇ ಕುಣೀತಿದ್ದೆನಲ್ಲೇ!"

"ಕುಣಿದ್ಯಾ? ನಾನಿಲ್ಲಿ ಅಳ್ತಾ ಕೂತಿದ್ದೆ, ನೀನಲ್ಲಿ ಕುಣೀತಿದ್ಯಾ?" ಎಂದು ಆರ್ಡೆಲಾ ಎದ್ದುಹೋದರು. ವಾರಗಟ್ಟಲೆ ಅಣ್ಣನೊಡನೆ ಮಾತಿಲ್ಲ. ಆಮೇಲೆ ಹಾಡು ಇನ್ನಷ್ಟು ನಿಧಾನವಾಯಿತು.

ಕಳೆದ ವಸಂತದಲ್ಲಿ ಅವರ ಬೀಳ್ಕೊಡುಗೆಯ ಗಾಯನಕ್ಕೆ ನಾವು ಹಳೆಯ ಶಿಷ್ಯರೆಲ್ಲ ಸೇರಿದೆವು. ಆ ನಿಧಾನದ ಹಾಡಿನ ಮೊದಲ ಚರಣ ಮುಗಿಯುವಷ್ಟರಲ್ಲಿ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಕ್ಲಿಯೋಫಸ್ ಊರುಗೋಲು ನೆಲಕ್ಕೆ ಕುಟ್ಟಿದರು.

"ಸಾಕು ಕಣೆ. ನಾನಿನ್ನೂ ಸತ್ತಿಲ್ಲ. ಹುಟ್ಟಿದೂರಿನದು ಅಂತ ಅಲ್ಲಿ ನನಗಿದ್ದದ್ದು ಅದೊಂದೇ ಹಾಡು. ಅದು ಬಂದಾಗ ಮನೆ ನೆನಪಾಗ್ತಿತ್ತು, ಅದಕ್ಕೇ ಕುಣೀತಿದ್ದೆ."

ನಮ್ಮ ಕಡೆ ಮುಖಮಾಡಿ ನಿಂತಿದ್ದ ಆರ್ಡೆಲಾ ಅವರ ಕೈ ಮೇಲೆದ್ದು ಎರಡರಷ್ಟು ವೇಗದಲ್ಲಿ ಬೀಸಿತು. ಅಣ್ಣ ಎದ್ದು ನಿಂತು, ಕುರ್ಚಿ ಹಿಡಿದುಕೊಂಡೇ ಕುಣಿದರು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಆರ್ಡೆಲಾ ನನ್ನ ಕಿವಿಯಲ್ಲಿ, "ಇದೂ ಸರಿಯಿಲ್ಲ ಕಣೋ. ನಡುವೆ ಎಲ್ಲೋ ಇದೆ. ಸೋಮವಾರ ಎಲ್ಲರನ್ನೂ ಕರ್ಕೊಂಡು ಮನೆಗೆ ಬಾ" ಎಂದರು.

ಪೂಜ್ಯ ಗುರುಗಳಿಗೆ ದೀರ್ಘಾಯುಸ್ಸು ದೊರೆಯಲಿ. ಮನಶ್ಶಾಂತಿಯನ್ನು ಮಾತ್ರ ನಾವು ಹಾರೈಸುವುದಿಲ್ಲ. ಈ ಸೋಮವಾರವೂ ಎಲ್ಲರೂ ಬರುತ್ತೇವೆ.